ಮುನೇಶನ ಉಳಿ

ಶಿವಾರಪಟ್ಟಣ
20-6-2004

ಸಂಕರ್ಷಣ ಅಣ್ಣನವರಿಗೆ, ಗಂಗಾಲಕ್ಷ್ಮಿಯ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಕ್ಷಣ ಹೊಳೆಯಲಿಕ್ಕಿಲ್ಲ. ನಾನು ಮುನೇಶನ ತಂಗಿ. ನೀವು ಅಣ್ಣನ ಜೊತೆ ಕಂಪ್ಯೂಟರ್ ಜೋಡಿಸಲು ನಮ್ಮ ಮನೆಗೆ ಬಂದಿದ್ದಾಗ ಬಾಗಿಲ ಹತ್ತಿರ ನಿಂತು ನೀರು ಕೊಟ್ಟವಳು. ಅವತ್ತು ನಾನು ಒಂದು ಮಾತೂ ಆಡಲಿಲ್ಲ. ಇವತ್ತು ಬರೆಯುತ್ತಿದ್ದೇನೆ, ನೀವು ಎದುರಿಗಿಲ್ಲವಲ್ಲ ಎಂಬ ಧೈರ್ಯದಿಂದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮ್ಮ ವಿಳಾಸ ಅಣ್ಣನ ಟ್ರಂಕಿನಲ್ಲಿದ್ದ ಹಳೆಯ ಲಕೋಟೆಯ ಮೇಲಿತ್ತು.

ಅಣ್ಣ ಮಾಘ ಮಾಸದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟ. ನಿಮಗೆ ತಿಳಿದಿರಬೇಕು.

ಅವನು ಆಸ್ಪತ್ರೆ ಸೇರಿದಾಗಿನಿಂದ ಕಂಪ್ಯೂಟರಿನ ತಂತಿ ಕಿತ್ತಿಟ್ಟಿದ್ದೆವು. ಅಕ್ಷಯ ತದಿಗೆ ಕಳೆದ ಮೇಲೆ ಒಂದು ದಿನ ನಾನು ಕೋಣೆ ಗುಡಿಸಿ, ಅವನು ಬರೆದ ದೇವರ ಚಿತ್ರಗಳನ್ನು ನೋಡಬೇಕೆನಿಸಿ ತಂತಿ ಸಿಕ್ಕಿಸಿದೆ. ಚಿತ್ರ ಬರಲಿಲ್ಲ. ಕಪ್ಪು ಪರದೆಯ ಮೇಲೆ ಎರಡು ಮೂರು ಸಾಲು ಬಿಳಿ ಅಕ್ಷರ ಬಂದು ನಿಂತವು. ಸಾಯಂಕಾಲ ಕರೆಂಟು ಹೋಯಿತು. ಮತ್ತೆ ಬಂದಾಗ ಯಾರೂ ಗುಂಡಿ ಒತ್ತದೆ ಪೆಟ್ಟಿಗೆ ತಾನೇ ಎದ್ದಿತು. ಬೀಪ್ ಅಂತ ಒಂದು ಸಲ ಕೂಗಿ, ಅದೇ ಅಕ್ಷರ ತೋರಿಸಿ ಸುಮ್ಮನಾಯಿತು.

ಅಮ್ಮ ಅಡುಗೆಮನೆಯಿಂದ ಓಡಿಬಂದಳು. ‘ಮುನಿ ಬಂದ’ ಅಂದಳು.

ಅವತ್ತಿನಿಂದ ಹೀಗೇ ನಡೆದಿದೆ. ಕರೆಂಟು ಹೋದರೆ ಅಮ್ಮ ತಟ್ಟೆ ಸರಿಸಿ ಎದ್ದುಬಿಡುತ್ತಾಳೆ. ಬರುವ ತನಕ ಊಟವಿಲ್ಲ. ಬಂದು ಅದು ಕೂಗಿದಾಗ ಪರದೆಯ ಮುಂದೆ ಕಾಫಿ ಲೋಟ ಇಟ್ಟು, ‘ಹೇಳಪ್ಪಾ, ಏನೋ ಹೇಳೋಕ್ ಬಂದೆ, ಅರ್ಧಕ್ಕೆ ಯಾಕ್ ನಿಂತೆ?’ ಅನ್ನುತ್ತಾಳೆ. ಕಾಫಿ ಆರಿದ ಮೇಲೆ ನುಗ್ಗೆ ಮರದ ಬುಡಕ್ಕೆ ಸುರಿದು ಬರುತ್ತಾಳೆ. ನಾನು ಒಮ್ಮೆ ತಂತಿ ಕಿತ್ತೆ. ಮಾರನೇ ದಿನದವರೆಗೂ ಅಮ್ಮ ನೀರು ಸಹ ಮುಟ್ಟಲಿಲ್ಲ. ನಾನೇ ಮತ್ತೆ ಸಿಕ್ಕಿಸಿದೆ. ಅಪ್ಪ ಆ ಕೋಣೆಯ ಕಡೆಗೇ ಬರುವುದಿಲ್ಲ. ಕೆಲಸದ ಶೆಡ್ಡಿನಲ್ಲಿ ಕಲ್ಲುಗಳ ನಡುವೆ ಮಲಗುತ್ತಾರೆ.

ಅಮ್ಮ ಬಹಳ ಬಡವಾಗಿದ್ದಾಳೆ. ಅದು ಪೂರ್ತಿ ತೆರೆಯುವ ಹಾಗೆ ಮಾಡಿ. ಇಲ್ಲವೇ ಕೂಗದ ಹಾಗೆ ಮಾಡಿ. ಯಾವುದಾದರೂ ಸರಿ.

ಇಂತಿ,
ಗಂಗಾಲಕ್ಷ್ಮಿ


ಮುಳಬಾಗಿಲು
2-7-2004

ಸಹೋದರಿ ಗಂಗಾಲಕ್ಷ್ಮಿಯವರಿಗೆ,

ನಿಮ್ಮ ಕಾಗದ ತಲುಪಿತು. ಕಂಪ್ಯೂಟರ್ ತರಗತಿಯ ಹುಡುಗರು ಹೋದ ಮೇಲೆ ಒಬ್ಬನೇ ಕೂತು ಓದಿದೆ. ಮುನೇಶನ ಬಗ್ಗೆ ಬರೆಯಲು ಪ್ರಯತ್ನಿಸಿ ಎರಡು ಹಾಳೆ ಹರಿದೆ. ಆದ್ದರಿಂದ ಯಂತ್ರದ ವಿಷಯವನ್ನಷ್ಟೇ ಬರೆಯುತ್ತೇನೆ.

ಅದು ತಾನೇ ಏಳುವುದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಕರೆಂಟು ಹೋಗಿ ಬಂದರೆ ತಾನಾಗಿ ಚಾಲೂ ಆಗಲಿ ಎಂದು ಮುನೇಶನೇ ಹೊಂದಿಸಿದ್ದ. ತಾನು ಶೆಡ್ಡಿನಿಂದ ಬರುವಷ್ಟರಲ್ಲಿ ಅದು ಸಿದ್ಧವಾಗಿರಬೇಕು ಎನ್ನುತ್ತಿದ್ದ. ಬೀಪ್ ಎನ್ನುವುದು ‘ಎಚ್ಚರಾದೆ’ ಎಂಬ ಸೂಚನೆ ಮಾತ್ರ.

ಅದು ಅರ್ಧಕ್ಕೆ ನಿಲ್ಲುವುದು ಬೇರೆ ವಿಷಯ. ಯಂತ್ರ ಎದ್ದ ಕೂಡಲೇ ಅದಕ್ಕೆ ತಾನು ಯಾರು, ಏನು ಮಾಡಬೇಕು ಎಂಬ ನೆನಪೇ ಇರುವುದಿಲ್ಲ. ಗ್ರಬ್ ಎಂಬ ಒಂದು ಚಿಕ್ಕ ಬರಹ ಮೊದಲು ಎಚ್ಚರಾಗಿ, ಉಳಿದದ್ದೆಲ್ಲ ಎಲ್ಲಿದೆ ಎಂದು ಹುಡುಕಿ ಅದನ್ನು ಎಬ್ಬಿಸಬೇಕು. ನಾವು ಹಾಕಿದ್ದ ಲಿನಕ್ಸ್, ಅಂದರೆ ಇಡೀ ಯಂತ್ರವನ್ನು ನಡೆಸುವ ದೊಡ್ಡ ಬರಹ, ಹಾಗೆ ಏಳುತ್ತದೆ. ನಿಮ್ಮಲ್ಲಿ ಗ್ರಬ್ ಎದ್ದಿದೆ, ಹುಡುಕಲು ಹೋಗಿದೆ, ಎಲ್ಲೋ ದಾರಿಯಲ್ಲಿ ನಿಂತಿದೆ.

ಕೊನೆಯ ಸಾಲಿನಲ್ಲಿ ‘ಎರರ್’ ಎಂಬ ಪದವೂ ಅದರ ಪಕ್ಕದಲ್ಲಿ ಒಂದು ಸಂಖ್ಯೆಯೂ ಇರುತ್ತದೆ. ಹದಿನೈದಾದರೆ ಒಂದು ಕಾಯಿಲೆ, ಹದಿನೇಳಾದರೆ ಇನ್ನೊಂದು. ಸಂಖ್ಯೆ ತಿಳಿಯದೆ ಮದ್ದು ಹೇಳಲಾರೆ. ಪರದೆಯಲ್ಲಿ ಇರುವುದನ್ನು ಹಾಗೆಯೇ ನೋಡಿ ಬರೆದು ಕಳುಹಿಸಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಸಂಕರ್ಷಣ


ಶಿವಾರಪಟ್ಟಣ
15-7-2004

ಸಂಕರ್ಷಣ ಅಣ್ಣನವರಿಗೆ,

ಪರದೆಯ ಅಕ್ಷರಗಳನ್ನು ಬೇರೆ ಹಾಳೆಯಲ್ಲಿ ಇದ್ದ ಹಾಗೆಯೇ ಬರೆದು ಜೊತೆಗಿಟ್ಟಿದ್ದೇನೆ. ನನಗೆ ಇಂಗ್ಲಿಷ್ ಬಾರದು, ರಂಗೋಲಿ ನೋಡಿ ಹಾಕಿದ ಹಾಗೆ ಹಾಕಿದ್ದೇನೆ. ಸಂಖ್ಯೆ ಇಪ್ಪತ್ತೊಂದು.

ನೀವು ಹೇಳಿದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ‘ಅವನೇ ಹೊಂದಿಸಿಟ್ಟಿದ್ದ’ ಎಂಬ ಸಾಲಿನ ಹತ್ತಿರ ಕೈ ಎತ್ತಿ ನಿಲ್ಲಿಸಿದಳು.

‘ನೋಡ್ದ್ಯಾ, ಬರ್ತೀನಿ ಅಂತ ಮೊದಲೇ ಹೇಳಿಟ್ಟೇ ಹೋಗವ್ನೆ.’

ಅಮ್ಮನಿಗೆ ಏಕೆ ಇಷ್ಟು ನಂಬಿಕೆ ಎಂದು ನೀವು ಕೇಳಬಹುದು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕಲ್ಲು ಕೆಲಸದವನು ತೀರಿಕೊಂಡರೆ ಅವನ ಕೈಯಾಡಿದ ಉಳಿಯನ್ನು ಇನ್ನೊಬ್ಬರು ಹಿಡಿಯುವುದಿಲ್ಲ. ಅವನು ಕಡೆಯದಾಗಿ ಕೈಹಚ್ಚಿದ ವಿಗ್ರಹ ಯಾವ ಊರಿಗೆ ಹೋಗುತ್ತದೋ, ಅಲ್ಲಿ ಪೀಠದ ಅಡಿಯಲ್ಲಿ ಇಟ್ಟುಬಿಡುತ್ತಾರೆ. ನಮ್ಮ ತಾತನ ಉಳಿ ಹುತ್ತೂರಿನ ಕಡೆ ಒಬ್ಬ ಆಂಜನೇಯನ ಕಾಲಡಿ ಇದೆ. ಹಾಗೆ ಇಡದಿದ್ದರೆ ಸತ್ತವನ ಕೈಗೆ ಕೆಲಸ ಮುಗಿದಿದೆ ಎಂದು ಗೊತ್ತಾಗುವುದಿಲ್ಲವಂತೆ. ಬಂದು ಬಂದು ಹುಡುಕುತ್ತಾನಂತೆ.

ಅಣ್ಣನಿಗೆ ತನ್ನದೆಂಬ ಉಳಿಯೇ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅವನು ಕಲ್ಲು ಮುಟ್ಟಲಿಲ್ಲ, ನಿಮಗೆ ಗೊತ್ತು. ಚಿತ್ರವನ್ನು ಅದರಲ್ಲಿ ಬರೆದು, ಅಳತೆಗೆ ತಕ್ಕಂತೆ ತುಂಡು ತುಂಡಾಗಿ ಕಾಗದಕ್ಕೆ ಇಳಿಸಿ, ಕಲ್ಲಿಗೆ ಅಂಟಿಸಿ ಕೊಡುತ್ತಿದ್ದ. ಅಪ್ಪ ಆಡಿಕೊಳ್ಳುತ್ತಿದ್ದರು. ‘ಪೇಪರ್ ಸುತ್ತಿದ್ರೆ ದೇವರು ಆಗಲ್ಲ ಕಣ್ಲಾ, ಬಜ್ಜಿ ಆಗ್ತದೆ.’ ಆದರೂ ಆ ಕಾಗದದ ಮೇಲೆಯೇ ಉಳಿ ಇಟ್ಟು ಹೊಡೆಯುತ್ತಿದ್ದರು. ಶ್ರೀನಿವಾಸಪುರದ ಕಡೆ ಗುಡಿ ಕಟ್ಟಿಸಿದ ಗಂಗುಲಪ್ಪನವರ ಊರಿಗೆ ಮಾಡಿದ ಗಂಗಮ್ಮ ದೇವಿಯದೇ ಅಣ್ಣನ ಕೊನೆಯ ಚಿತ್ರ.

ಹನ್ನೊಂದನೇ ದಿನ ನೆಂಟರೆಲ್ಲ ಕೇಳಿದರು, ಹುಡುಗನ ಉಳಿ ಯಾವುದು, ತೆಗೆದಿಡಿ ಎಂದು. ಅಪ್ಪ ‘ನಾನು ನೋಡ್ಕೊಂತೀನಿ’ ಎಂದು ಎದ್ದು ಹೋದರು. ಅಕ್ಷಯ ತದಿಗೆಯ ದಿನ ಗಂಗಮ್ಮ ಟ್ರಾಕ್ಟರಿನಲ್ಲಿ ಹೋದಳು. ಜೊತೆಗೆ ಹೋದ ಅಪ್ಪನ ಕೈಯಲ್ಲಿ ಉಳಿ ಇರಲಿಲ್ಲ, ಅಮ್ಮ ನೋಡಿದ್ದಾಳೆ. ನನ್ನ ಮಗನನ್ನು ಬರಿಗೈಯಲ್ಲಿ ಕಳಿಸಿದರು, ಅದಕ್ಕೇ ಅವನು ಅಲೆಯುತ್ತಿದ್ದಾನೆ ಎನ್ನುತ್ತಾಳೆ. ಅಪ್ಪನ ಹತ್ತಿರ ಇದನ್ನು ಕೇಳುವುದಿಲ್ಲ. ಪೆಟ್ಟಿಗೆಯ ಹತ್ತಿರ ಹೇಳುತ್ತಾಳೆ.

ಇದಕ್ಕೆ ಮದ್ದು ನಿಮ್ಮಲ್ಲಿ ಇಲ್ಲವೆಂದು ಗೊತ್ತು. ಇಪ್ಪತ್ತೊಂದಕ್ಕೆ ಇರುವ ಮದ್ದನ್ನು ಹೇಳಿ. ನೀವೇ ಒಮ್ಮೆ ಬಂದರೆ ಇನ್ನೂ ಒಳ್ಳೆಯದು.

ಗಂಗಾಲಕ್ಷ್ಮಿ


ಮುಳಬಾಗಿಲು
24-7-2004

ಸಹೋದರಿ ಗಂಗಾಲಕ್ಷ್ಮಿಯವರಿಗೆ,

ಅಕ್ಷರಗಳನ್ನು ಸ್ಪಷ್ಟವಾಗಿ ಬರೆದಿದ್ದೀರಿ. ಇಪ್ಪತ್ತೊಂದು ಎಂದರೆ, ಗ್ರಬ್ ಯಾವ ಡಿಸ್ಕನ್ನು ಹುಡುಕುತ್ತಿದೆಯೋ ಆ ಡಿಸ್ಕೇ ಅದಕ್ಕೆ ಕಾಣುತ್ತಿಲ್ಲ ಎಂದು ಅರ್ಥ. ಕೆಟ್ಟಿದೆ ಎಂದಲ್ಲ, ಇಲ್ಲ ಎಂದು.

ಆ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಹಾಕಿದ್ದೆವು. ಹಳೆಯದರಲ್ಲಿ ಗ್ರಬ್ ಇದೆ. ಆಮೇಲೆ ತಂದ ಹೊಸದರಲ್ಲಿ ಲಿನಕ್ಸ್ ಮತ್ತು ಮುನೇಶನ ಎಲ್ಲ ಚಿತ್ರಗಳೂ ಇವೆ. ಕಲ್ಲಿನ ಧೂಳಿಗೋ ಇಲಿಯ ಕಾಟಕ್ಕೋ ಹೊಸದರ ತಂತಿ ಸಡಿಲವಾಗಿರಬಹುದು. ಹಾಗಾಗಿದ್ದರೆ ಬಹಳ ಸುಲಭ.

ಮೊದಲು ಗೋಡೆಯಿಂದ ತಂತಿ ಕಿತ್ತುಬಿಡಿ. ಹಿಂಬದಿಯ ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಹಿಂದಕ್ಕೆ ಎಳೆಯಿರಿ. ಮುಂಭಾಗದಲ್ಲಿ ಒಂದರ ಕೆಳಗೊಂದು ಎರಡು ಲೋಹದ ಡಬ್ಬಿಗಳು ಕಾಣುತ್ತವೆ, ಅವೇ ಡಿಸ್ಕುಗಳು, ಅಂಗೈಯಷ್ಟು ಅಗಲ, ಎರಡು ಬೆರಳು ದಪ್ಪ. ಬೂದು ಬಣ್ಣದ ಅಗಲವಾದ ಪಟ್ಟಿ ತಂತಿ ಎರಡಕ್ಕೂ ಹೋಗಿರುತ್ತದೆ. ಕೆಳಗಿನದೇ ಹೊಸದು, ಅದರಲ್ಲಿ ತಂತಿ ಗಟ್ಟಿಯಾಗಿ ಕೂತಿದೆಯೇ ನೋಡಿ, ಮೆಲ್ಲಗೆ ಒತ್ತಿ.

ಬಜ್ಜಿಯ ಮಾತು ಮುನೇಶ ನನಗೂ ಹೇಳಿದ್ದ. ನಗುತ್ತಲೇ ಹೇಳಿದ್ದ. ಆಮೇಲೆ, ‘ಆಯುಧ ಪೂಜೆ ದಿನ ಅಪ್ಪ ಸುತ್ತಿಗೆಗೆ ಇಡ್ತಾರೆ, ಉಳಿಗೆ ಇಡ್ತಾರೆ, ಟ್ರಾಕ್ಟರ್ ಚಕ್ರಕ್ಕೂ ಬೊಟ್ಟು ಇಡ್ತಾರೆ ಕಣೋ. ನನ್ನ ಪೆಟ್ಟಿಗೆ ಮುಂದೆ ಹಾದು ಹೋಗ್ತಾರೆ. ಒಂದು ವರ್ಷ ಅದಕ್ಕೂ ಒಂದು ಬೊಟ್ಟು ಇಟ್ರೆ ಸಾಕು’ ಅಂದಿದ್ದ.

ನಾನು ಬರುವ ವಿಷಯ ಮುಂದೆ ನೋಡೋಣ.

ಸಂಕರ್ಷಣ


ಶಿವಾರಪಟ್ಟಣ
22-8-2004

ಸಂಕರ್ಷಣ ಅಣ್ಣನವರಿಗೆ,

ತಡವಾಯಿತು. ಪೆಟ್ಟಿಗೆ ಬಿಚ್ಚಿ ಬಹಳ ದಿನವಾಯಿತು. ಬರೆಯಲು ಆಗಲಿಲ್ಲ.

ಅಮ್ಮ ಶ್ರಾವಣ ಶನಿವಾರದ ಪೂಜೆಗೆ ಹೋಗಿದ್ದಾಗ ಬಿಚ್ಚಿದೆ. ನೀವು ಹೇಳಿದ ಮೇಲಿನ ಡಬ್ಬಿ ಇದೆ. ಕೆಳಗಿನದು ಇಲ್ಲ. ಪಟ್ಟಿ ತಂತಿಯ ತುದಿ ಜೋತಾಡುತ್ತಿದೆ. ಕಳ್ಳರ ಕೆಲಸವೆಂದುಕೊಂಡೆ. ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಡಬ್ಬಿ ಇರಬೇಕಾದ ಜಾಗದಲ್ಲಿ ಅರಿಶಿನ ಕುಂಕುಮದ ಬೊಟ್ಟು ಇತ್ತು. ಪಕ್ಕದಲ್ಲಿ ಒಣಗಿದ ಒಂದು ಕಣಗಿಲೆ ಹೂವು. ತೆಗೆದ ಸ್ಕ್ರೂಗಳನ್ನು ಕುಂಕುಮದ ಪೊಟ್ಟಣದ ಕಾಗದದಲ್ಲೇ ಮಡಿಸಿಟ್ಟಿದ್ದರು.

ಕಳ್ಳ ಹೂವಿಟ್ಟು ಹೋಗುತ್ತಾನೆಯೇ?

ಎಲ್ಲ ಇದ್ದ ಹಾಗೆ ಮುಚ್ಚಿ ತಂತಿ ಸಿಕ್ಕಿಸಿದೆ. ಅಮ್ಮನಿಗೆ ಹೇಳಿಲ್ಲ. ಈಗ ಅದು ಕೂಗಿದಾಗ ನನಗೂ ಹೆದರಿಕೆಯಾಗುತ್ತದೆ. ಮುಂಚೆ ಅಮ್ಮ ಹೇಳುವುದು ಭ್ರಮೆ ಅಂದುಕೊಂಡಿದ್ದೆ. ಈಗ ನಿಜವಾಗಿಯೂ ಅದು ಏನನ್ನೋ ಹುಡುಕುತ್ತಿದೆ, ಅದು ಇಲ್ಲ ಅನ್ನುತ್ತಿದೆ. ಒಳಗೆ ಖಾಲಿ ಜಾಗ ಇರುವುದು ನನಗೆ ಗೊತ್ತು.

ನಮ್ಮ ಮನೆಯಲ್ಲಿ ಸಾಮಾನಿಗೆ ಕುಂಕುಮ ಇಡುವವರು ಒಬ್ಬರೇ. ಅವರನ್ನು ಕೇಳುವ ಧೈರ್ಯ ನನಗಿಲ್ಲ.

ಗಂಗಾಲಕ್ಷ್ಮಿ


ಮುಳಬಾಗಿಲು
30-8-2004

ಗಂಗಾಲಕ್ಷ್ಮಿಯವರಿಗೆ,

ಕೇಳಬೇಡಿ. ಅವರಾಗಿ ಹೇಳುವ ದಿನ ಬಂದರೆ ಪಕ್ಕದಲ್ಲಿರಿ. ಆ ಡಿಸ್ಕ್ ಇಲ್ಲದೆ ಮುನೇಶನ ಚಿತ್ರಗಳು ಬಾರವು, ಅಷ್ಟು ಮಾತ್ರ ಹೇಳಬಲ್ಲೆ.

ಧೈರ್ಯವಿಲ್ಲ ಎಂದು ಬರೆದಿದ್ದೀರಿ, ನನಗೂ ಇರಲಿಲ್ಲ. ಸುದ್ದಿ ತಿಳಿದ ವಾರವೇ ನಾನು ಕೋಲಾರಕ್ಕೆ ಬಂದು ಮಾಲೂರಿನ ಬಸ್ಸು ಹತ್ತಿದೆ. ಶಿವಾರಪಟ್ಟಣ ಬಂತು. ಕಿಟಕಿಯಿಂದ ರಸ್ತೆ ಬದಿಯ ಶೆಡ್ಡುಗಳು ಕಂಡವು, ಉಳಿಯ ಸದ್ದು ಕೇಳಿಸಿತು. ಕಂಡಕ್ಟರ್ ಎರಡು ಸಲ ಕೂಗಿದ. ‘ಏನ್ರೀ, ಇಳಿಯೋದಿಲ್ವಾ?’ ನಾನು ಮಾಲೂರಿಗೆ ಇನ್ನೊಂದು ಟಿಕೆಟ್ ತೆಗೆದುಕೊಂಡೆ. ಮಾಲೂರಿನಲ್ಲಿ ಇಳಿದು ಅದೇ ದಾರಿಯಲ್ಲಿ ವಾಪಸ್ಸು ಬಂದೆ. ಬರುವಾಗಲೂ ಇಳಿಯಲಿಲ್ಲ.

ಸಂಕರ್ಷಣ


ಶಿವಾರಪಟ್ಟಣ
26-10-2004

ಸಂಕರ್ಷಣ ಅಣ್ಣನವರಿಗೆ,

ಆಯುಧ ಪೂಜೆ ಆಯಿತು. ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ.

ಅಪ್ಪ ಶೆಡ್ಡಿನಲ್ಲಿ ಉಳಿಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ನೀವು ಬರೆದ ಅಣ್ಣನ ಮಾತು ತಲೆಯಲ್ಲಿತ್ತು. ಬಾಯಿಂದ ಬಂದೇಬಿಟ್ಟಿತು.

‘ಅಪ್ಪಾ, ಅಣ್ಣನ ಪೆಟ್ಟಿಗೇಗೂ ಒಂದು ಬೊಟ್ಟು ಇಡ್ಲಾ?’

ಅಪ್ಪ ತಲೆ ಎತ್ತಲಿಲ್ಲ. ‘ಅದರ ಪೂಜೆ ಆಗೋಯ್ತಮ್ಮಿ.’

‘ಯಾವಾಗ?’

‘ಗಂಗಮ್ಮ ಹೊರಡೋಕ್ ಮುಂಚೆ.’

ಅವರೇ ಮುಂದುವರಿಸಿದರು, ಉಳಿಯ ಹತ್ತಿರ ಮಾತಾಡುವ ಹಾಗೆ.

‘ಎಲ್ರೂ ಕೇಳಿದ್ರಲ್ಲ, ಹುಡುಗನ ಉಳಿ ಯಾವುದು ಅಂತ. ಎಲ್ಲೈತೆ ಉಳಿ? ಇವುಗಳಲ್ಲಿ ಒಂದು ತಗೊಂಡ್ಹೋಗಿ ಇಟ್ಟಿದ್ರೆ ಅದು ನಂದಾಗ್ತಿತ್ತು, ಅವಂದಾಗ್ತಿರ್ಲಿಲ್ಲ. ದೇವ್ರಿಗೇ ಸುಳ್ಳು ಹೇಳ್ದಂಗೆ. ಪೆಟ್ಟಿಗೆ ಬಿಚ್ಚಿದೆ. ಬರೀ ತಗಡು, ತಂತಿ. ಆ ಎರಡು ಡಬ್ಬಿಗಳೇ ಕೈಗೆ ಭಾರ ಇದ್ದಿದ್ದು. ಕೆಲಸ ಮಾಡೋ ಸಾಮಾನು ಭಾರ ಇರ್ತದೆ. ಒಂದು ಮಂಕಾಗಿತ್ತು, ಒಂದು ಹೊಳೀತಿತ್ತು. ಕೈಯಾಡಿದ ಉಳಿನೇ ಹೊಳೆಯೋದು. ಅದನ್ನ ತಗೊಂಡೆ.’

‘ಅಮ್ಮಂಗಾದ್ರೂ ಹೇಳ್ಬಾರ್ದಾಗಿತ್ತಾ ಅಪ್ಪಾ?’

‘ನಿಮ್ಮಮ್ಮಂಗೆ ಹೇಳೋದೂ ಒಂದೇ, ಸಂತೇಲಿ ತಮಟೆ ಹೊಡ್ಸೋದೂ ಒಂದೇ. ಗಂಗಮ್ಮನ ಕಾಲಡಿ ಕಂಪ್ಯೂಟ್ರು ಸಾಮಾನು ಇಟ್ಟೆ ಅಂದ್ರೆ ಆ ಊರವ್ರು ಸುಮ್ನಿರ್ತಾರಾ?’ ಒಂದು ಉಳಿ ಒರೆಸಿಟ್ಟು, ‘ಬಜ್ಜಿ ಅಂದೋನೂ ನಾನೇ, ಉಳಿ ಅಂತ ಇಟ್ಟೋನೂ ನಾನೇ. ಯಾವ ಮುಖ ಇಟ್ಕೊಂಡು ಹೇಳ್ಲಿ?’ ಅಂದರು. ಅದನ್ನು ತೆಗೆದದ್ದಕ್ಕೇ ಪೆಟ್ಟಿಗೆ ಹೀಗೆ ಅರ್ಧಕ್ಕೆ ನಿಲ್ಲುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಅವರೂ ಆ ಕೂಗನ್ನು ಮಗನದೇ ಅಂದುಕೊಂಡಿದ್ದರು. ತಾನು ಇಟ್ಟದ್ದು ಸರಿಹೋಗಲಿಲ್ಲ, ಅವನು ಒಪ್ಪಲಿಲ್ಲ ಎಂದು ಹೆದರಿ ಶೆಡ್ಡಿನಲ್ಲಿ ಮಲಗುತ್ತಿದ್ದರು.

ಹಿಂದೆ ಅಮ್ಮ ನಿಂತಿದ್ದಳು. ದೃಷ್ಟಿ ತೆಗೆಯುವ ಬೂದುಗುಂಬಳಕಾಯಿ ಕಂಕುಳಲ್ಲಿತ್ತು. ಯಾವಾಗ ಬಂದಳೋ ತಿಳಿಯದು.

‘ಅರಿಶಿನ ಹಚ್ಚಿದ್ಯಾ?’

‘ಹಚ್ಚಿದೆ.’

‘ಯಾತ್ರಲ್ಲಿ ಸುತ್ತಿದೆ?’

‘ಅವನ ನೀಲಿ ಷರ್ಟಲ್ಲಿ.’

ಅಮ್ಮ ಕುಂಬಳಕಾಯಿಯನ್ನು ಕೆಳಗಿಟ್ಟು ಒಳಗೆ ಹೋದಳು. ಅವತ್ತಿನಿಂದ ಒಬ್ಬರ ಹತ್ತಿರವೂ ಮಾತಿಲ್ಲ. ಪೆಟ್ಟಿಗೆಯ ಹತ್ತಿರವೂ ಇಲ್ಲ. ಕರೆಂಟು ಬಂದರೆ ಬಂದು ಕೂರುತ್ತಾಳೆ, ನೋಡುತ್ತಾಳೆ, ಅಷ್ಟೇ. ನನಗೆ ಭಯವಾಗುತ್ತಿದೆ. ಮುಂದೆ ಏನು ಮಾಡಲಿ?

ಗಂಗಾಲಕ್ಷ್ಮಿ


ಮುಳಬಾಗಿಲು
5-11-2004

ಗಂಗಾಲಕ್ಷ್ಮಿಯವರಿಗೆ,

ನಿಮ್ಮ ಕಾಗದ ಓದಿದಾಗ ಮೊದಲು ಕೋಪ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಅವನ ಎರಡು ವರ್ಷದ ಕೆಲಸ ಅದರಲ್ಲಿತ್ತು. ಪೀಠದಡಿಯ ತೇವಕ್ಕೆ ಇಷ್ಟರಲ್ಲಿ ಅದು ಹಾಳಾಗಿರುತ್ತದೆ. ಅಷ್ಟಬಂಧದ ಅಂಟು ಹಾಕಿ ಕೂರಿಸಿದ ವಿಗ್ರಹವನ್ನು ಎತ್ತುವುದೂ ಇಲ್ಲ. ಚಿತ್ರಗಳು ಹೋದವು.

ಆಮೇಲೆ ಅವನು ಕೇಳಿದ್ದ ಒಂದು ಬೊಟ್ಟು ನೆನಪಾಯಿತು. ಅಪ್ಪ ಇಟ್ಟರು ಎಂದು ಅವನಿಗೆ ಹೇಳಬೇಕೆನಿಸಿತು.

ಯಂತ್ರದ ವಿಷಯ. ಬೇರೆ ಡಿಸ್ಕ್ ಹಾಕಿ ಹೊಸದಾಗಿ ಲಿನಕ್ಸ್ ತುಂಬಿದರೆ ಅದು ಪೂರ್ತಿ ತೆರೆಯುತ್ತದೆ. ಆದರೆ ಒಳಗೆ ಮುನೇಶನದು ಏನೂ ಇರುವುದಿಲ್ಲ. ಕೂಗು ಬೇಡವೆಂದರೆ, ಅದು ಏಳುವಾಗ ‘ಡಿಲೀಟ್’ ಗುಂಡಿಯನ್ನು ಒತ್ತುತ್ತಿರಿ, ನೀಲಿ ಪರದೆ ಬರುತ್ತದೆ. ಯಾವ ಸಾಲು ಬದಲಿಸಬೇಕೆಂದು ಈ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದಿದ್ದೇನೆ. ಆಮೇಲೆ ಕರೆಂಟು ಬಂದರೂ ಅದು ತಾನಾಗಿ ಏಳುವುದಿಲ್ಲ. ಯಾವುದು ಬೇಕೆಂದು ಅಮ್ಮನೇ ಹೇಳಲಿ.

ಸಂಕರ್ಷಣ


ಶಿವಾರಪಟ್ಟಣ
12-12-2004

ಸಂಕರ್ಷಣ ಅಣ್ಣನವರಿಗೆ,

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಹೊಸ ಸೀರೆ ಉಟ್ಟು ಶೆಡ್ಡಿನ ಬಾಗಿಲಿಗೆ ಹೋಗಿ, ‘ನಡಿ, ತೋರ್ಸು’ ಅಂದಳು. ಅಪ್ಪ ಕೈ ತೊಳೆದುಕೊಂಡರು. ಮೂವರೂ ಕೋಲಾರಕ್ಕೆ ಹೋಗಿ ಶ್ರೀನಿವಾಸಪುರದ ಬಸ್ಸು ಹಿಡಿದೆವು.

ಗುಡಿ ಮಾವಿನ ತೋಪಿನ ಅಂಚಿನಲ್ಲಿದೆ. ಗಂಗುಲಪ್ಪನವರೇ ಬೀಗ ತೆಗೆದರು. ಅಣ್ಣ ಕಾಗದದಲ್ಲಿ ಬರೆದದ್ದು ಕಲ್ಲಿನಲ್ಲಿ ಕೂತಿತ್ತು. ಮಂಗಳಾರತಿ ಆದ ಮೇಲೆ ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಕಣ್ಣಿನಲ್ಲೇ ಪೀಠದ ಎಡಗಡೆ ತೋರಿಸಿದರು. ಅಮ್ಮ ಹೋಗಿ ಆ ಕಡೆ ಗೋಡೆಗೆ ಒರಗಿ ಕೂತಳು.

‘ಆ ಮೂಲೇಲಿ ಯಾಕಮ್ಮಾ ಕೂತ್ಕೊಂಡ್ರಿ? ಈ ಕಡೆ ಬನ್ನಿ, ಗಾಳಿ ಬರ್ತದೆ’ ಎಂದರು ಗಂಗುಲಪ್ಪ.

‘ಇರ್ಲಿ ಬಿಡ್ರಿ. ನಂಗೆ ಇಲ್ಲೇ ಚೆನ್ನಾಗೈತೆ.’

ಬಿಸಿಲು ಇಳಿಯುವವರೆಗೂ ಕೂತಿದ್ದಳು. ಅಳಲಿಲ್ಲ. ಒಮ್ಮೆ ಮಾತ್ರ ಪೀಠದ ಕಲ್ಲಿನ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ನೋಡಿದಳು.

ಮನೆಗೆ ಬಂದ ಮಾರನೇ ದಿನ ಅಮ್ಮ ಮುದ್ದೆ ತಿರುವುತ್ತಿದ್ದಾಗ ಕರೆಂಟು ಬಂತು. ಪೆಟ್ಟಿಗೆ ಕೂಗಿತು. ಅಮ್ಮ ಏಳಲಿಲ್ಲ. ಅಲ್ಲಿಂದಲೇ, ‘ಇಲ್ಲಿಲ್ಲ ಕಣಪ್ಪಾ, ಗಂಗಮ್ಮನ ಹತ್ರ ಐತೆ’ ಅಂದು, ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಊಟಕ್ಕೆ ಕೂತಳು.

ನೀವು ಹೇಳಿದಂತೆ ನೀಲಿ ಪರದೆ ತೆರೆದು, ಆ ಸಾಲು ಬದಲಿಸಲೇ ಎಂದು ಕೇಳಿದೆ. ‘ಕೇಳ್ಲಿ ಬಿಡು. ಕೇಳ್ದಾಗ ಹೇಳಿದ್ರಾಯ್ತು’ ಅಂದಳು. ಏನೂ ಬದಲಿಸದೆ ಹಿಂದಕ್ಕೆ ಬಂದೆ. ಹೊಸ ಡಿಸ್ಕೂ ಬೇಡವಂತೆ.

ಹಾಗಾಗಿ ಅದು ಇನ್ನೂ ಏಳುತ್ತದೆ, ಹುಡುಕುತ್ತದೆ.

ಮೊನ್ನೆ ಅಮ್ಮ ಮಾಲೂರಿನ ಸಂತೆಗೆ ಹೋಗಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲವೆಂದು ಅಪ್ಪ ಅಂದುಕೊಂಡಿರಬೇಕು. ಕರೆಂಟು ಬಂತು, ಬೀಪ್ ಅಂತು. ಉಳಿಯ ಸದ್ದು ನಿಂತಿತು. ಅಪ್ಪ ಶೆಡ್ಡಿನಿಂದ ಬಂದು ಅಣ್ಣನ ಕೋಣೆಯ ಹೊಸ್ತಿಲಲ್ಲಿ ನಿಂತರು. ಅಣ್ಣ ಹೋದ ಮೇಲೆ ಅಲ್ಲಿಗೆ ಅವರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ನಿನ್ನ ಉಳಿ ಸರಿಯಾದ ಕಡೆನೇ ಇಟ್ಟಿದೀನಿ ಕಣೋ ಮುನೇಶ’ ಅಂದರು. ‘ಮಲಕ್ಕೋ.’

ಮತ್ತೆ ಹೋಗಿ ಕೆಲಸಕ್ಕೆ ಕೂತರು.

ನೀವು ಮುಂಚೆ ಬಂದಾಗ, ನಮ್ಮ ಮನೆಯಲ್ಲಿ ಕುಡಿಯುತ್ತೀರೋ ಇಲ್ಲವೋ ಎಂದು ಅಮ್ಮ ಕಾಫಿಗೆ ಕೇಳಿರಲಿಲ್ಲ, ನೀರು ಮಾತ್ರ ಕೊಟ್ಟೆವು. ಈಗ ಕೇಳುತ್ತಾಳಂತೆ. ಶಿವಾರಪಟ್ಟಣ ಬಂದಾಗ ಕಂಡಕ್ಟರ್ ಕೂಗುತ್ತಾನೆ. ಈ ಸಲ ಇಳಿಯಿರಿ.

ಗಂಗಾಲಕ್ಷ್ಮಿ